ಶಿವನಂಜಪ್ಪನ ಸೌದೆ ಪಾಳಿ

ಮನುಷ್ಯ ಮೈಸೂರಿಗೆ ಹೋಗಬಾರದು ಅಂತ ನಾನು ಹೇಳುವುದಿಲ್ಲ. ಹೋಗಲಿ, ನೆಂಟರ ಮದುವೆಯಲ್ಲಿ ಹೊಟ್ಟೆ ಬಿರಿಯೆ ಉಣ್ಣಲಿ, ಬರುವಾಗ ಒಂದು ಕಟ್ಟು ವೀಳ್ಯದೆಲೆ ತರಲಿ. ನಮ್ಮ ಶಿವನಂಜಪ್ಪ ಮಾತ್ರ ಎಲೆಯ ಜೊತೆಗೆ ಒಂದು ಯೋಚನೆಯನ್ನೂ ತರುತ್ತಿದ್ದ. ಎಲೆಯಾದರೂ ನಾಲ್ಕು ದಿನಕ್ಕೆ ಬಾಡುತ್ತಿತ್ತು. ಯೋಚನೆ ಬಾಡುತ್ತಿರಲಿಲ್ಲ, ಅದೇ ತೊಂದರೆ.

ನಾನು ಮಹದೇವಪ್ಪ, ಗಡಿಗಂಟಿದ ಮಲಯಾಳ ಸೀಮೆಯ ಕಲ್ಲೂರಿನ ದರ್ಜಿ. ಶಿವನಂಜಪ್ಪನ ಹೋಟೆಲಿನ ಎದುರಿಗೇ ನನ್ನ ಹೊಲಿಗೆ ಮಿಷನ್ನು. ನಡುವೆ ಇರುವುದು ಬತ್ತೇರಿಯಿಂದ ಮುತ್ತಂಗಕ್ಕೆ ಹೋಗುವ ರಸ್ತೆ ಒಂದೇ. ಆದ್ದರಿಂದ ಈಗ ಹೇಳುವುದೆಲ್ಲ ಕಣ್ಣಾರೆ ಕಂಡಿದ್ದು. ಯಾರಾದರೂ ಬೇರೆ ಥರ ಹೇಳಿದರೆ, ಅವರು ಅವತ್ತು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು ಅಂತ ತಿಳಿಯಿರಿ.

ಹೋಟೆಲಿನಲ್ಲಿ ಇದ್ದದ್ದು ನಾಲ್ಕೇ ಜನ. ಗಲ್ಲಾದ ಮೇಲೆ ಶಿವನಂಜಪ್ಪ. ಟೀ ಎತ್ತಿ ಹುಯ್ಯುವುದಕ್ಕೆ ಮಾಧವನ್. ದೋಸೆ ಕಾವಲಿಯ ಮುಂದೆ ಚೆಲುವಮ್ಮ. ಸೌದೆ, ನೀರು ತರುವುದಕ್ಕೆ ಕಾಡಂಚಿನ ಆದಿವಾಸಿ ಹಾಡಿಯ ಬೊಮ್ಮನ್. ಈ ಬೊಮ್ಮನ್ ಹೋಟೆಲಿನ ಒಳಗೆ ಕಾಲಿಡುತ್ತಿರಲಿಲ್ಲ. ಹಿತ್ತಲಲ್ಲಿ ಸೌದೆ ಇಳಿಸಿ, ಅಲ್ಲೇ ಕೊರಡಿನ ಮೇಲೆ ಕೂತು, ಗೋಡೆಯ ಮೊಳೆಗೆ ನೇತುಹಾಕಿದ್ದ ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದು ಹೋಗುತ್ತಿದ್ದ. ಅದು ಹಾಗೇ ನಡೆದು ಬಂದಿತ್ತು. ಯಾರೂ ಅದರ ಮಾತೆತ್ತಿದ್ದಿಲ್ಲ, ನಾನೂ ಎತ್ತಿದ್ದಿಲ್ಲ.

ಆಗ ನಕ್ಸಲರ ಗಲಾಟೆಯ ಕಾಲ. ಊರಿನ ಶಾಲೆಯಲ್ಲಿ ಪೊಲೀಸ್ ಕ್ಯಾಂಪು ಬಂದು ಕೂತಿತ್ತು. ಕೊಡಲಿ ಹಿಡಿದು ಕಾಡಿನಿಂದ ಯಾರು ಹೊರಗೆ ಬಂದರೂ ಜೀಪಿಗೆ ಹತ್ತಿಸುತ್ತಿದ್ದರು. ನಡೆದುಕೊಂಡು ಜೀಪು ಹತ್ತಿದವರು ಕುಂಟಿಕೊಂಡು ಇಳಿಯುತ್ತಿದ್ದರು. ಅದರ ಮೇಲೆ ಯಾವ ಪುಣ್ಯಾತ್ಮ ಹಬ್ಬಿಸಿದನೋ, 'ಹೋಟೆಲಿಗೆ ಸೌದೆ ತರುವವನೊಬ್ಬ ಕಾಡೊಳಗಿರುವವರಿಗೆ ಅಕ್ಕಿ ಸಾಗಿಸುತ್ತಾನೆ' ಅಂತ ಒಂದು ಸುದ್ದಿ. ಬೊಮ್ಮನ್ನ ಮನೆಯಲ್ಲೇ ಅಕ್ಕಿ ಇರುತ್ತಿರಲಿಲ್ಲ, ಪಾಪ, ಇನ್ನೊಬ್ಬರಿಗೆಲ್ಲಿ ಸಾಗಿಸಿಯಾನು! ಆದರೆ ಹೆದರಿಕೆಗೆ ಲೆಕ್ಕಾಚಾರ ಬೇಕೇ? ಒಂದು ಬೆಳಿಗ್ಗೆ ಅವನು ಬರಲೇ ಇಲ್ಲ. ಸೌದೆ ಇಲ್ಲ, ಒಲೆ ಇಲ್ಲ, ಟೀ ಇಲ್ಲ. ಶಿವನಂಜಪ್ಪನ ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಹೊತ್ತಿಸಿದ ಒಲೆ ಅದೇ ಮೊದಲ ಸಲ ತಣ್ಣಗೆ ಕೂತಿತು. ಗಿರಾಕಿಗಳು ಬಂದು, ಒಲೆ ನೋಡಿ, ಶಿವನಂಜಪ್ಪನ ಮುಖ ನೋಡಿ, ಸಾವಿನ ಮನೆಯಿಂದ ಎದ್ದು ಹೋಗುವಂತೆ ಹೇಳದೇ ಹೋದರು.

ಈ ಅವಮಾನ ಆಗಿದ್ದು ಶಿವನಂಜಪ್ಪ ಮೈಸೂರಿನಿಂದ ಬಂದ ಮಾರನೇ ದಿನ. ಅಲ್ಲಿ ಅವನ ಹೆಂಡತಿ ಮಲ್ಲಿಗಮ್ಮನ ಚಿಕ್ಕಪ್ಪನ ಮಗ ಯಾವುದೋ ಕಾರ್ಖಾನೆಯಲ್ಲಿ ಮೇಸ್ತ್ರಿ. ಅವನು ಮದುವೆ ಪಂಕ್ತಿಯಲ್ಲಿ ಪಕ್ಕ ಕೂತು ಇವನ ಕಿವಿಗೆ ಒಂದು ಮಂತ್ರ ಊದಿದ್ದ. ಒಲೆ ತಣ್ಣಗಾದ ಮಾರನೇ ದಿನ ಬೊಮ್ಮನ್ನನ್ನು ಹುಡುಕಿ ಕರೆಸಿ, ಮೂರು ಜನರನ್ನೂ ಹಿತ್ತಲಲ್ಲಿ ಸೇರಿಸಿ, ಶಿವನಂಜಪ್ಪ ಆ ಮಂತ್ರವನ್ನು ಗಂಟಲೆತ್ತಿ ಹೇಳಿದ. ಬೇಲಿಯ ಈಚೆ ನಾವೂ ಒಂದಷ್ಟು ಜನ ನಿಂತಿದ್ದೆವು.

"ಇವತ್ತಿಂದ ನಾವು ನಾಲ್ಕು ಜನ ಒಂದು ತಂಡ. ಎಲ್ಲರಿಗೂ ಎಲ್ಲಾ ಕೆಲಸ ಬರಬೇಕು. ಒಬ್ಬ ಬಿದ್ರೆ ಆ ಜಾಗಕ್ಕೆ ಇನ್ನೊಬ್ಬ ನಿಲ್ಲಬೇಕು. ಕೆಲಸ ನಿಲ್ಲಬಾರದು!"

"ಬಿದ್ರೆ ಅಂದ್ರೆ ಏನಣ್ಣಾವ್ರೇ? ಎಲ್ಲಿಂದ ಬೀಳದು?" ಅಂದಳು ಚೆಲುವಮ್ಮ.

"ಜ್ವರ ಬಂದು ಮಲಗಿದ್ರೆ ಅಂತ."

"ನಂಗ್ಯಾಕ್ ಬತ್ತದೆ ಜ್ವರ? ಬೆಳಿಗ್ಗೆ ಬೆಳಿಗ್ಗೇನೇ ಬಾಯಿಗೆ ಒಳ್ಳೇ ಮಾತೇ ಬರಲ್ವಾ ನಿಮ್ಗೆ?"

ಮಾಧವನ್ ದಂಗಾಗಿದ್ದ. ಮಲಯಾಳದವನು, ಯಜಮಾನನನ್ನು ಮುದಲಾಳಿ ಅಂತಲೇ ಕರೆಯುತ್ತಿದ್ದ. "ಎಂಡೆ ದೈವಮೇ! ಮುದಲಾಳಿ, ನಾನು ದೋಸೆ ಹಾಕೋದಾ? ನಮ್ಮ ಮನೇಲಿ ಗೊತ್ತಾದ್ರೆ ದಿನಾ ಹಾಕಿಸ್ತಾರೆ!"

ಬೊಮ್ಮನ್, ತನ್ನ ಪಾಳಿಗೆ ಗಲ್ಲಾ ಬಂದಿದೆ ಅಂತ ಶಿವನಂಜಪ್ಪ ಹೇಳಿದ ಕೂಡಲೇ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಬಾವಿಕಟ್ಟೆಗೆ ತಗುಲಿಕೊಂಡ. "ಬ್ಯಾಡಿ ಬುದ್ದಿ. ಪೋಲೀಸ್ನೋರು ಒಡುದ್ರೆ ಒಡುಸ್ಕತೀನಿ. ಆ ಕುರ್ಚಿ ಬ್ಯಾಡಿ."

ಅಷ್ಟರಲ್ಲಿ ಮಲ್ಲಿಗಮ್ಮ ಅಡುಗೆಮನೆ ಬಾಗಿಲಿಗೆ ಬಂದಳು. "ಎಲ್ಲರೂ ಅಂದ್ರೆ ನೀವೂ ಸೇರಿ ತಾನೇ? ಸೌದೆಗೆ ನೀವು ಹೋಗೋದು ಯಾವತ್ತು?"

ಬೇಲಿಯ ಈಚೆ ಗಿರಾಕಿಗಳು, ಆಚೆ ಕೆಲಸದವರು, ನಡುವೆ ಹೆಂಡತಿ. ಗಂಡಸು ಎಲ್ಲಿ ಹಿಂದೆ ಸರಿಯುತ್ತಾನೆ? "ಬರೋ ಸಂತೆ ದಿನ ನಾನೇ!" ಅಂತ ಎದೆ ತಟ್ಟಿಕೊಂಡ ಶಿವನಂಜಪ್ಪ.

"ಪೊಲೀಸರಿದ್ದಾರೆ ಕಣಯ್ಯ," ಅಂದೆ ನಾನು.

"ನನ್ನನ್ನ ಯಾವ ಪೊಲೀಸ್ನೋನು ಮುಟ್ತಾನೋ ಮಾದೇವಪ್ಪ? ನಾನು ಹೋಟೆಲ್ ಯಜಮಾನ ಅನ್ನೋದು ಮುಖದಲ್ಲೇ ಬರೆದಿಲ್ವಾ?"

ನಾನು ಅವನ ಮುಖ ನೋಡಿದೆ. ಓದುವಷ್ಟು ಸ್ಪಷ್ಟವಾಗಿ ಏನೂ ಇರಲಿಲ್ಲ.

ಆ ವಾರ ಕಲ್ಲೂರು ನೋಡಿದ್ದನ್ನು ಇನ್ನಾವ ಊರೂ ನೋಡುವುದು ಬೇಡ. ಒಲೆಗೆ ಅಕ್ಕಪಕ್ಕದ ಮನೆಗಳಿಂದ ಕಡ ತಂದ ಸೌದೆ. ಚೆಲುವಮ್ಮ ಟೀ ಎತ್ತಿ ಹುಯ್ದಳು. ಮೇಲಿನ ಲೋಟ ಸರಿಯಾಗೇ ಮೇಲೆ ಹೋಯಿತು, ಕೆಳಗಿನದೂ ಸರಿಯಾಗೇ ಕೆಳಗಿತ್ತು, ಟೀ ಮಾತ್ರ ಪೇಪರು ಓದುತ್ತಿದ್ದ ಶಾಲೆ ಮೇಷ್ಟರ ತೊಡೆಯ ಮೇಲೆ ಇಳಿಯಿತು. ಮೇಷ್ಟರು ಮಲಯಾಳದಲ್ಲಿ ಎದ್ದು ಕನ್ನಡದಲ್ಲಿ ಕಿರುಚಿದರು. ಮಾಧವನ್ ಹಾಕಿದ ದೋಸೆಗಳಲ್ಲಿ ಒಂದಕ್ಕೂ ಅಂಚು ಇರಲಿಲ್ಲ. ಕೆಲವಕ್ಕೆ ಬಾಲವಿತ್ತು. "ಇದೂ ದೋಸೆಯೇ ಮುದಲಾಳಿ, ಹೊಟ್ಟೆಯೊಳಗೆ ಎಲ್ಲಾ ಒಂದೇ" ಅಂತ ಅವನು ಗಿರಾಕಿಗಳಿಗೆ ಸಮಾಧಾನ ಹೇಳಿಕೊಂಡು ಬಡಿಸಿದ.

ಬೊಮ್ಮನ್ನದೇ ದೊಡ್ಡ ಕಷ್ಟ. ಗಲ್ಲಾ ಅಂದ ಮೇಲೆ ಅಂಗಿ ಬೇಕು ಅಂತ ಶಿವನಂಜಪ್ಪ ತನ್ನದೊಂದು ಬಿಳೀ ಅಂಗಿ ತಂದುಕೊಟ್ಟ. ಹೊಟ್ಟೆಯ ಹತ್ತಿರ ಹಿಡಿದು, ಭುಜದ ಹತ್ತಿರ ಬಿಟ್ಟು ನಾನೇ ಹೊಲಿದುಕೊಟ್ಟೆ. ಬೊಮ್ಮನ್ ಕುರ್ಚಿಯ ತುದಿಯಲ್ಲಿ, ಒಂದು ಬೆರಳಗಲ ಜಾಗದಲ್ಲಿ ಕೂತ. ಯಾರು ಒಳಗೆ ಬಂದರೂ ದಡಕ್ಕನೆ ಎದ್ದು ನಿಲ್ಲುತ್ತಿದ್ದ. ಗಿರಾಕಿ ಹೌಹಾರಿ ತಾನೂ ನಿಲ್ಲುತ್ತಿದ್ದ.

"ಏಳಬಾರದು!" ಅಂತ ಶಿವನಂಜಪ್ಪ ಕಲಿಸಿದ. "ದೇವರೇ ಬಂದ್ರೂ ಏಳಬಾರದು. ಯಜಮಾನ ಯಾರು ಅಂತ ಕೇಳಿದ್ರೆ 'ನಾನೇ' ಅನ್ನಬೇಕು. ನಾನೇ ಸೌದೆ ಹೊತ್ಕೊಂಡು ಎದುರಿಗೆ ಬಂದ್ರೂ, ನಾನು ನಿನ್ನ ಹತ್ರ ಹೆಂಗೆ ಮಾತಾಡ್ತಿದ್ನೋ ಹಂಗೇ ಮಾತಾಡಬೇಕು. ತಿಳೀತಾ?"

"ನೀವು ಬೈತಿದ್ರಿ ಬುದ್ದಿ."

"ಹಂಗಾದ್ರೆ ಬೈಯೋ! ಅದೂ ಕೆಲಸವೇ!"

ಊಟದ ಗಿರಾಕಿ ಕರಗಿದ ಮೇಲೆ ದಿನಾ ಇದೇ ಅಭ್ಯಾಸ. ಶಿವನಂಜಪ್ಪ ಎರಡು ಕಡ್ಡಿ ಹೊತ್ತು ಒಳಗೆ ಬರುವುದು, ಬೊಮ್ಮನ್ ಬೈಯುವುದು. ಮೊದಲು ತುಟಿಯಷ್ಟೇ ಅಲ್ಲಾಡುತ್ತಿತ್ತು. ಆಮೇಲೆ ಧ್ವನಿ ಬಂತು. ವಾರ ಮುಗಿಯುವ ಹೊತ್ತಿಗೆ ಶಿವನಂಜಪ್ಪನ ಕೆಮ್ಮು, ಗಲ್ಲಾದ ಮುಚ್ಚಳ ಬಡಿಯುವ ರೀತಿ, "ಏನೋ, ಹಸೀ ಸೌದೆ ತಂದಿದ್ದೀಯಲ್ಲೋ!" ಅನ್ನುವಾಗ ಮೂಗಿನಲ್ಲಿ ಎಳೆಯುವ ರಾಗ, ಎಲ್ಲವೂ ಬಂದುಬಿಟ್ಟಿತು. ನಾನು ಎದುರಿನ ಅಂಗಡಿಯಿಂದ ಕೇಳಿ, ಶಿವನಂಜಪ್ಪನೇ ಅಂತ ಎರಡು ಸಲ ಮೋಸಹೋದೆ.

ಒಂದೇ ಒಂದು ತಪ್ಪು ಉಳಿಯಿತು. ಯಜಮಾನನ ಪಾಳಿ ಅಲ್ಲವೇ, ಟೀಯನ್ನು ಗಾಜಿನ ಲೋಟದಲ್ಲೇ ಕೊಟ್ಟರು. ಬೊಮ್ಮನ್ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಬಲಗೈಯ ನಡುಬೆರಳನ್ನು ಲೋಟದ ತಳಕ್ಕೆ ಒತ್ತಿಕೊಂಡು ಕುಡಿದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. "ಲೋಟ ಹಿಡಿಯೋಕೂ ಬರಲ್ವಲ್ಲೋ ನಿಂಗೆ! ಬೆರಳು ಸುಡಲ್ವಾ?" ಅಂದ ಶಿವನಂಜಪ್ಪ. ಬೊಮ್ಮನ್ ಬೆರಳು ನೋಡಿಕೊಂಡು ಸುಮ್ಮನೆ ಹಲ್ಲು ಕಿರಿದ.

ಸಂತೆ ದಿನ ಬಂತು. ಶಿವನಂಜಪ್ಪ ಹಣೆಗೆ ಮೂರು ಪಟ್ಟೆ ವಿಭೂತಿ ಬಳಿದು, ಒಂದು ಹಳೇ ಲುಂಗಿ ಮೊಳಕಾಲಿನ ಮೇಲೆ ಕಟ್ಟಿ, ಬೊಮ್ಮನ್ನ ಕೊಡಲಿ ಹೆಗಲಿಗೇರಿಸಿ ಹೊರಟ. ಬೀದಿಯೆಲ್ಲ ನಿಂತು ನೋಡಿತು. ಮಲ್ಲಿಗಮ್ಮ ಮಾತ್ರ ಹಿಂದಿನಿಂದ, "ಒಣಗಿದ್ದು ನೋಡಿ ತನ್ನಿ" ಅಂದಳು.

ಮಧ್ಯಾಹ್ನ ಮುತ್ತಂಗದ ಕಡೆಯಿಂದ ಜೀಪು ಬಂದು, ಸರಿಯಾಗಿ ನನ್ನ ಅಂಗಡಿಯ ಮುಂದೆ ನಿಂತಿತು. ಇಬ್ಬರು ಪೇದೆಗಳು ಒಬ್ಬನನ್ನು ರಟ್ಟೆ ಹಿಡಿದು ಇಳಿಸಿದರು. ಲುಂಗಿ ಹರಿದು ಎರಡು ಲುಂಗಿಯಾಗಿತ್ತು. ಮೈಯೆಲ್ಲ ಕೆಸರು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಜಿಗಣೆ. ವಿಭೂತಿ ಬೆವರಿಗೆ ಕೊಚ್ಚಿಹೋಗಿತ್ತು. ಯಾವನೋ ಪಾಪ ಅಂದುಕೊಂಡು ನೋಡುತ್ತೇನೆ, ಶಿವನಂಜಪ್ಪ! ಮಿಷನ್ನಿನ ಸೂಜಿ ಬಟ್ಟೆ ಬಿಟ್ಟು ನನ್ನ ಬೆರಳಿಗಿಳಿಯಿತು.

ಇನ್ಸ್‌ಪೆಕ್ಟರು ಹೊಸಬರು. ತೆಂಕಣ ಸೀಮೆಯಿಂದ ಆ ವಾರವಷ್ಟೇ ಬಂದಿದ್ದರು, ಹೋಟೆಲಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಅವರು ಮಲಯಾಳದಲ್ಲಿ ಗುಡುಗಿದರು: "ಎಡಾ, ಇನ್ನೊಂದು ಸಲ ಹೇಳು. ಕಾಡಲ್ಲಿ ಕೊಡಲಿ ಹಿಡಿದು ಏನು ಮಾಡ್ತಿದ್ದೆ?"

ಶಿವನಂಜಪ್ಪ ಹುಟ್ಟಿದಾಗಿನಿಂದ ಮಲಯಾಳ ಆಡಿದವನು. ಆ ಹೊತ್ತಿಗೆ ಅವನ ಬಾಯಿಗೆ ಅದು ಅರ್ಧ ಮಾತ್ರ ಬಂತು. "ಸಾರ್, ನಾನು ಹೋಟೆಲ್ ಯಜಮಾನ. ಅದು ನನ್ನ ಪಾಳಿ ಸಾರ್. ತರಬೇತಿ!"

ಇನ್ಸ್‌ಪೆಕ್ಟರ ಮೀಸೆ ನಿಮಿರಿತು. "ತರಬೇತಿಯಾ? ಎಷ್ಟು ಜನ?"

"ನಾಲ್ಕು ಜನರ ತಂಡ ಸಾರ್. ಎಲ್ಲರಿಗೂ ಎಲ್ಲಾ ಕೆಲಸ ಬರುತ್ತೆ. ಒಬ್ಬ ಬಿದ್ರೆ ಆ ಜಾಗಕ್ಕೆ ಇನ್ನೊಬ್ಬ ನಿಲ್ತಾನೆ!"

ಪೇದೆಗಳು ಅವನ ರಟ್ಟೆಯನ್ನು ಇನ್ನಷ್ಟು ಬಿಗಿ ಹಿಡಿದರು. ಇನ್ಸ್‌ಪೆಕ್ಟರಿಗೆ ಸಂತೋಷಕ್ಕೋ ಗಾಬರಿಗೋ ಉಸಿರೇ ಸಿಕ್ಕಿಕೊಂಡಿತ್ತು. "ಎಲ್ಲಿ ಸೇರ್ತೀರಿ?"

"ಹಿತ್ತಲಲ್ಲಿ ಸಾರ್. ಜನ ಕರಗಿದ ಮೇಲೆ."

"ಯಾರ ಆಜ್ಞೆ?"

"ಮೈಸೂರಿಂದ ಬಂದಿದ್ದು ಸಾರ್!"

ಅಯ್ಯೋ ಮಹರಾಯ, ಇನ್ನೇನು ಉಳಿಯಿತು? ಒಂದೊಂದು ಮಾತೂ ನಿಜ, ಒಂದೊಂದು ಮಾತಿಗೂ ಒಂದೊಂದು ವರ್ಷ ಜೈಲು. ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. ನಾನು ಬೆರಳು ಚೀಪುತ್ತಿದ್ದೆ, ಬಾಯಿ ತೆರೆಯುವ ಹಾಗಿರಲಿಲ್ಲ. ಪಕ್ಕದ ಅಂಗಡಿಯವರು ಆಕಾಶ ನೋಡಿದರು. ಶಾಲೆ ಮೇಷ್ಟರು ಪೇಪರು ತಲೆಕೆಳಗಾಗಿ ಹಿಡಿದುಕೊಂಡರು.

"ಬಾ, ನಿನ್ನ ಹೋಟೆಲಲ್ಲೇ ಕೇಳೋಣ" ಅಂತ ಇನ್ಸ್‌ಪೆಕ್ಟರು ಅವನನ್ನು ಎಳೆದುಕೊಂಡು ರಸ್ತೆ ದಾಟಿದರು. ಹಿಂದೆ ನಾವೆಲ್ಲ ಹೋದೆವು, ಮಾತಾಡುವ ಧೈರ್ಯವಿಲ್ಲದಿದ್ದರೂ ನೋಡುವ ಧೈರ್ಯವಿತ್ತು.

ಗಲ್ಲಾದ ಮೇಲೆ ಬಿಳೀ ಅಂಗಿಯಲ್ಲಿ ಬೊಮ್ಮನ್. ಪೊಲೀಸರನ್ನು ಕಂಡು ಅವನ ಮುಖದಲ್ಲಿ ರಕ್ತವೇ ಇಲ್ಲವಾಯಿತು. ಪೇದೆಯ ಕೈಯಲ್ಲಿದ್ದ ಕೊಡಲಿ ನೋಡಿದ, ತನ್ನದೇ ಕೊಡಲಿ. ಅದರ ಹಿಂದೆ ಶಿವನಂಜಪ್ಪನನ್ನು ನೋಡಿದ. ಒಲೆಯ ಹತ್ತಿರ ಮಾಧವನ್ನ ದೋಸೆ ಹೊಗೆಯಾಡಿತು. ಚೆಲುವಮ್ಮ ಹುಯ್ಯುತ್ತಿದ್ದ ಟೀ ಲೋಟ ತುಂಬಿ ನೆಲಕ್ಕೆ ಹರಿಯುತ್ತಿತ್ತು, ಅವಳಿಗೆ ನಿಲ್ಲಿಸುವುದು ಮರೆತುಹೋಗಿತ್ತು.

'ಇವರೇ ಯಜಮಾನರು' ಅಂತ ಬೊಮ್ಮನ್ ಹೇಳಿದರೆ 'ಹಾಗಾದರೆ ನೀನ್ಯಾರು' ಅನ್ನುವ ಪ್ರಶ್ನೆ ಬರುತ್ತದೆ. ಪೊಲೀಸರು ಹುಡುಕುತ್ತಿದ್ದದ್ದೇ ಸೌದೆಯವನನ್ನು. ಹೇಳದಿದ್ದರೆ ಶಿವನಂಜಪ್ಪನ ಮೂಳೆ ಮುರಿಯುತ್ತದೆ. ಯಾರಾದರೊಬ್ಬರು ಜೀಪು ಹತ್ತಲೇಬೇಕು.

"ಈ ಹೋಟೆಲಿನ ಯಜಮಾನ ಯಾರು?" ಅಂದರು ಇನ್ಸ್‌ಪೆಕ್ಟರು.

ಬೊಮ್ಮನ್ ಏಳಲಿಲ್ಲ. ಒಂದು ಸಲ ಕೆಮ್ಮಿದ. ಗಲ್ಲಾದ ಮುಚ್ಚಳ ಬಡಿದ. "ನಾನೇ."

"ಮತ್ತೆ ಇವನು?"

ಬೊಮ್ಮನ್ ಶಿವನಂಜಪ್ಪನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ನೋಡಿ, ಮೂಗಿನಲ್ಲಿ ರಾಗ ಎಳೆದ. "ಏನೋ! ಸೌದೆ ತಾ ಅಂದ್ರೆ ಮೆರವಣಿಗೆ ಮಾಡುಸ್ಕಂಡು ಬತ್ತೀಯಲ್ಲೋ! ಎಲ್ಲೋ ಸೌದೆ? ಒಲೆಗೆ ನಿನ್ನ ಕಾಲು ಮಡಗ್ಲಾ?"

ಶಿವನಂಜಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ನಮ್ಮೆಲ್ಲರದೂ ಹಾಗೇ ಇತ್ತು.

ಬೊಮ್ಮನ್ ಇನ್ಸ್‌ಪೆಕ್ಟರ ಕಡೆ ತಿರುಗಿ ಒಳ್ಳೇ ಮಲಯಾಳದಲ್ಲಿ ಹೇಳಿದ: "ನಮ್ಮ ಸೌದೆಯವನು ಸಾರ್."

"ತಾನೇ ಯಜಮಾನ ಅಂತಾನಲ್ಲ?"

"ಮೈಸೂರಿಗೆ ಹೋಗಿ ಬಂದಾಗಿನಿಂದ ಹಾಗೇ ಸಾರ್. ಯಾರೋ ಏನೋ ಹೇಳಿದ್ದಾರೆ, ತಲೆಗೆ ಹತ್ತಿಬಿಟ್ಟಿದೆ. ತಂಡ ಅಂತಾನೆ, ಪಾಳಿ ಅಂತಾನೆ. ಊರನ್ನೇ ಕೇಳಿ."

ಇನ್ಸ್‌ಪೆಕ್ಟರು ಊರಿನ ಕಡೆ ತಿರುಗಿದರು. ಈಗ ನಮಗೆಲ್ಲ ಧೈರ್ಯ ಬಂತು, ಏಕೆಂದರೆ ಹೇಳಬೇಕಾದದ್ದು ನಿಜವೇ ಆಗಿತ್ತು. "ಹೌದು ಸಾರ್, ಮೈಸೂರಿಗೆ ಹೋಗಿ ಬಂದಾಗಿನಿಂದ!" ಅಂತ ಬೀದಿಯೆಲ್ಲ ಒಂದೇ ಉಸಿರಿಗೆ ಅಂದಿತು. "ನನ್ನ ತೊಡೆ ಸುಟ್ಟಿದೆ, ತೋರಿಸಲಾ?" ಅಂದರು ಶಾಲೆ ಮೇಷ್ಟರು.

ಗದ್ದಲ ಕೇಳಿ ಮಲ್ಲಿಗಮ್ಮ ಒಳಗಿನಿಂದ ಬಂದಳು. ಇವಳು ಬಾಯಿ ಬಿಟ್ಟರೆ ಎಲ್ಲ ಮುಗಿಯಿತು ಅಂತ ನಾನು ಕಣ್ಣು ಮುಚ್ಚಿಕೊಂಡೆ. "ಅಮ್ಮಾ, ಈ ಮನುಷ್ಯ ಗೊತ್ತಾ ನಿಮಗೆ?" ಅಂದರು ಇನ್ಸ್‌ಪೆಕ್ಟರು. ಅವಳು ಗಂಡನ ಹರಿದ ಲುಂಗಿ ನೋಡಿದಳು, ಕುರ್ಚಿಯಲ್ಲಿ ಬೆವರುತ್ತಿದ್ದ ಬೊಮ್ಮನ್ನನ್ನು ನೋಡಿದಳು. ಸೆರಗು ಸರಿಮಾಡಿಕೊಂಡಳು.

"ನಮ್ಮಲ್ಲಿ ಸೌದೆ ತರೋನು ಸಾರ್. ಒಳ್ಳೇನು. ಮಾತು ಸ್ವಲ್ಪ ಜಾಸ್ತಿ."

ಅಷ್ಟು ವರ್ಷ ಸಂಸಾರ ಮಾಡಿದವಳ ಮಾತು ಅಲ್ಲವೇ, ಇನ್ಸ್‌ಪೆಕ್ಟರಿಗೆ ನಂಬಿಕೆ ಬಂತು. ಅವರ ಮೀಸೆ ಇಳಿಯಿತು. "ಸೌದೆಯವನ ಮೇಲೆ ನಮಗೊಂದು ದೂರು ಇದೆ. ಅಕ್ಕಿ ಸಾಗಿಸ್ತಾನಂತೆ. ಯಜಮಾನರೇ, ಇವನಿಗೆ ನೀವು ಜವಾಬ್ದಾರಿಯಾ?"

"ನಾನೇ ಜವಾಬ್ದಾರಿ ಸಾರ್" ಅಂದ ಬೊಮ್ಮನ್. ಈ ಸಲ ಕೆಮ್ಮಲಿಲ್ಲ, ಮುಚ್ಚಳ ಬಡಿಯಲಿಲ್ಲ. "ಸೌದೆಯವನು ಯಾರಿಗೂ ಅಕ್ಕಿ ಕೊಟ್ಟಿಲ್ಲ. ಅವನ ಮನೆಯಲ್ಲೇ ಇರಲ್ಲ. ಅವನನ್ನ ಹೊಡೀಬೇಡಿ."

"ಸರಿ. ಯಜಮಾನರೇ ಹೇಳಿದ ಮೇಲೆ ಆಯ್ತು. ಬಿಡ್ರೋ ಅವನನ್ನ."

ಪೇದೆಗಳು ರಟ್ಟೆ ಬಿಟ್ಟರು. ನಾವೆಲ್ಲ ಉಸಿರು ಬಿಟ್ಟೆವು. ಇನ್ಸ್‌ಪೆಕ್ಟರು ಟೋಪಿ ತೆಗೆದು ಟೀ ಹೇಳಿ, "ಆ ಪಾಪದವನಿಗೂ ಒಂದು ಕೊಡಿ" ಅಂದರು. ಶಿವನಂಜಪ್ಪ ಅಭ್ಯಾಸಬಲದಿಂದ ಅಲ್ಲೇ ಬೆಂಚಿನ ಮೇಲೆ ಕುಂಡೆಯೂರಿದ. ಇನ್ಸ್‌ಪೆಕ್ಟರ ಹುಬ್ಬು ಮೇಲೆ ಹೋಯಿತು.

"ಏಯ್!" ಅಂದ ಬೊಮ್ಮನ್ ದಿಗಿಲಿನಿಂದ. "ಇತ್ತಲ್ಗೆ ಓಗೋ! ಅಲ್ಲೇ ಕೊಡ್ತಾರೆ ನಿಂಗೆ."

ಶಿವನಂಜಪ್ಪ ಎದ್ದು ಹಿತ್ತಲಿಗೆ ಹೋದ. ಜೊತೆಗೆ ನಾನೂ ಹೋದೆ, ಎಲ್ಲಿ ಬಿದ್ದುಗಿದ್ದಾನು ಅಂತ. ಕಿಟಕಿಯಿಂದ ಇನ್ಸ್‌ಪೆಕ್ಟರ ಬೆನ್ನು ಕಾಣುತ್ತಿತ್ತು. ಮಾಧವನ್ ಟೀ ತಂದು, ಲೋಟ ಕೊಡಲೋ ಬೇಡವೋ ಅಂತ ಒಂದು ಗಳಿಗೆ ನಿಂತು, ಆಮೇಲೆ ಗೋಡೆಯ ಮೊಳೆಯಿಂದ ಚಿಪ್ಪು ತೆಗೆದು ಅದಕ್ಕೆ ಹುಯ್ದು ಕೈಗೆ ಕೊಟ್ಟ. ಶಿವನಂಜಪ್ಪ ಕೊರಡಿನ ಮೇಲೆ ಕೂತು ಬಾಯಿಗೆತ್ತಿದ. ಎತ್ತಿದವನು ಬೆಚ್ಚಿಬಿದ್ದ. ಸುಡುವ ಟೀ ಸೊರ್ರನೆ ತೊಡೆಯ ಮೇಲೆ ಇಳಿಯುತ್ತಿತ್ತು.

"ಲೋ ಮಾಧವಾ, ಇದರ ತಳದಲ್ಲಿ ತೂತಿದೆಯಲ್ಲೋ!"

"ತೂತಿಲ್ದೆ ಮೊಳೆಗೆ ಹೇಗೆ ಹಾಕೋದು ಮುದಲಾಳಿ?" ಅಂದ ಮಾಧವನ್, ಮೆಲ್ಲಗೆ. "ನೀವೇ ಅಲ್ವಾ ಚಿಪ್ಪಿನ ಕಣ್ಣು ಚುಚ್ಚಿ ನೇತುಹಾಕಿದ್ದು, ಒಳಗಿನ ಲೋಟದ ಜೊತೆ ಸೇರಬಾರದು ಅಂತ."

ಕಿಟಕಿಯ ಆ ಕಡೆಯಿಂದ ಬೊಮ್ಮನ್ ಬಗ್ಗಿ ಪಿಸುಗುಟ್ಟಿದ. ಈಗ ಅದು ಅವನದೇ ಧ್ವನಿ. "ಬೆರಳು ಮಡಿಗಿ ಬುದ್ದಿ. ನಡುಬೆರಳ. ಮೊದ್ಲು ಸುಡ್ತದೆ. ಆಮೇಕೆ ರೂಢಿ ಆಯ್ತದೆ."

ಶಿವನಂಜಪ್ಪ ಬೆರಳಿಟ್ಟ. ಬೆರಳಿಟ್ಟ ಮೇಲೆ ಕುಡಿಯಲಿಲ್ಲ. ಚಿಪ್ಪನ್ನು ನೋಡಿದ, ಆ ಬೆರಳನ್ನು ನೋಡಿದ, ನನ್ನನ್ನು ನೋಡಿದ. ನಾವು ಅವತ್ತು ನಕ್ಕದ್ದು ನನಗೂ ನೆನಪಾಯಿತು. ಪೊಲೀಸರು ರಟ್ಟೆ ಹಿಡಿದಾಗಲೂ ಅವನ ಮುಖ ಹಾಗಾಗಿರಲಿಲ್ಲ.

ಮಾಧವನ್ನ ದೋಸೆಯ ಪುಣ್ಯವೋ ಏನೋ, ಇನ್ಸ್‌ಪೆಕ್ಟರಿಗೆ ಹೋಟೆಲು ಹಿಡಿಸಿಬಿಟ್ಟಿತು. ಮಾರನೇ ದಿನವೂ ಜೀಪು ಬಂತು. ಸದ್ದು ಕೇಳುತ್ತಲೇ ಬೊಮ್ಮನ್ ಅಂಗಿ ಸಿಕ್ಕಿಸಿಕೊಂಡು ಗಲ್ಲಾಕ್ಕೆ ಹಾರಿದ, ಶಿವನಂಜಪ್ಪ ಲುಂಗಿ ಎತ್ತಿಕೊಂಡು ಹಿತ್ತಲಿಗೆ ಓಡಿದ. ಕ್ಯಾಂಪು ಇರುವಷ್ಟು ದಿನವೂ ಇದೇ ಓಟ ಅಂತ ಎಲ್ಲರಿಗೂ ಗೊತ್ತಾಗಿಹೋಯಿತು. "ನಿಮ್ಮ ಸೌದೆಯವನು ಹೇಗಿದ್ದಾನೆ ಯಜಮಾನರೇ? ಅವನಿಗೂ ಟೀ ಕೊಡಿ" ಅಂದರು ಇನ್ಸ್‌ಪೆಕ್ಟರು.

ಮಾಧವನ್ ಟೀ ಹಿಡಿದು ಹಿತ್ತಲಿಗೆ ಬಂದ. ಮೊಳೆಯ ಮೇಲೆ ಏನೂ ಇರಲಿಲ್ಲ. ಗೋಡೆಯಲ್ಲಿ ಚಿಪ್ಪಿನ ಗುರುತು ಮಾತ್ರ ದುಂಡಗೆ ಉಳಿದಿತ್ತು.

"ಮುದಲಾಳಿ, ಚಿಪ್ಪೆಲ್ಲಿ?"

ಶಿವನಂಜಪ್ಪ ಕೊರಡಿನ ಮೇಲೆ ಕೂತು ನಡುಬೆರಳಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

"ಬೆಳಿಗ್ಗೆ ಒಲೆಗೆ ಹಾಕಿದೆ ಕಣೋ. ನಿನ್ನೆ ನಾನು ಸೌದೆ ಕಮ್ಮಿ ತಂದಿದ್ದೆನಲ್ಲ."